ಎರಡು ವಾರ ಮುಂದಿದ್ದ ಆಪಾ

ಅವತ್ತು ನನ್ನದು ಮೊದಲನೆಯ ಕರೆಂಟ್. ನಮ್ಮ ಕಡೆ ರೇಡಿಯೇಶನ್‌ಗೆ ಎಲ್ಲರೂ ಕರೆಂಟ್ ಅಂತಲೇ ಅನ್ನುತ್ತಾರೆ. ಹುಬ್ಬಳ್ಳಿಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಆ ಕೋಣೆಯ ದಪ್ಪ ಬಾಗಿಲಿನ ಎದುರಿಗೆ ಒಂದು ಉದ್ದನೆಯ ಬೆಂಚು. ಅದರ ತುದಿಗೆ ಬುರ್ಖಾ ಹಾಕಿಕೊಂಡ ಒಬ್ಬ ಹೆಂಗಸು ಕೂತಿದ್ದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಕೈಯಲ್ಲೊಂದು ನೀರಿನ ಬಾಟಲಿ, ಅದರಲ್ಲಿ ನೀರಿರಲಿಲ್ಲ. ಆಗಾಗ ಮುಖ ತಿರುಗಿಸಿ ಅದರೊಳಗೆ ಉಗುಳುತ್ತಿದ್ದರು. ಉಗುಳು ನೂಲಿನಂತೆ ತುಟಿಯಿಂದ ಇಳಿಯುತ್ತಿತ್ತು, ಬೇಗ ಹರಿಯುತ್ತಿರಲಿಲ್ಲ. ಕುತ್ತಿಗೆಯ ಬಟ್ಟೆ ಸ್ವಲ್ಪ ಸರಿದಾಗ ಕಂಡಿತು: ಕಿವಿಯ ಕೆಳಗಿನಿಂದ ಹೆಗಲಿನವರೆಗೂ ಚರ್ಮ ಕಪ್ಪಾಗಿ, ಹಂಚಿಗೆ ತಾಗಿದ ರೊಟ್ಟಿಯ ಅಂಚಿನಂತೆ ಸೀದಿತ್ತು.

ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

"ಹೊಸಬಳೇನ ತಂಗಿ?" ಅಂದರು. ದನಿ ಗೊಗ್ಗರಾಗಿತ್ತು.

"ಹೌದ್ರಿ. ಇವತ್ತ ಮೊದಲನೇದು."

"ಎಲ್ಲೆ?"

ನಾನು ಗಂಟಲ ಎಡಗಡೆ ಬೆರಳಿಟ್ಟು ತೋರಿಸಿದೆ. ಅವರೂ ತಮ್ಮ ಎಡಗಡೆಗೇ ಬೆರಳಿಟ್ಟರು. "ನಂದೂ ಅಲ್ಲೇ," ಅಂದರು. "ನಿನಗಿಂತ ಎರಡು ವಾರ ಮುಂದದೀನಿ ಅಷ್ಟ."

ಕಾರಟಗಿಯವರು. ಅವರ ಯಜಮಾನರು ಅಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ಹಮಾಲರ ಮೇಸ್ತ್ರಿ. ಹೆಸರು ಕೇಳುವ ಮೊದಲೇ ನಾನು ಅವರನ್ನು ಆಪಾ, ಅಂದರೆ ಅಕ್ಕ, ಅಂದುಬಿಟ್ಟಿದ್ದೆ, ಮುಂದೆಯೂ ಹಾಗೇ ಕರೆದೆ.

ನನ್ನದು ಕುಷ್ಟಗಿ. ಮನೆಯ ಮುಂದಿನ ಪಡಸಾಲೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವುದು ನಮ್ಮ ಉದ್ಯೋಗ. ನಾನು, ನಮ್ಮ ಅತ್ತೆ, ಓಣಿಯ ಇನ್ನೂ ಮೂವರು ಹೆಂಗಸರು. ಖಾನಾವಳಿಗಳಿಗೆ ಒಯ್ದು ಕೊಡುವುದು ನಮ್ಮ ಮನೆಯವರ ಕೆಲಸ. ಒಂದು ಚಳಿಗಾಲದಲ್ಲಿ ನನಗೆ ಎಡಗಿವಿ ನೋಯತೊಡಗಿತು. ಕಿವಿಯಲ್ಲಿ ಏನೂ ಇಲ್ಲ ಅಂದರು. ಆಮೇಲೆ ರೊಟ್ಟಿ ನುಂಗುವಾಗ ಏನೋ ಅಡ್ಡ ಸಿಕ್ಕಂತೆ ಆಗುತ್ತಿತ್ತು. ಹಿಟ್ಟಿನ ಧೂಳು ಕೂತಿರಬೇಕು ಅಂದುಕೊಂಡು ಬಿಸಿನೀರು ಕುಡಿಯುತ್ತಾ ತಿಂಗಳುಗಟ್ಟಲೆ ಕಳೆದೆ. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕ ಮೇಲೆ ಕೊಪ್ಪಳಕ್ಕೆ ಹೋದೆವು, ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ತಂಬಾಕು ತಿಂತೀಯಾ ಅಂತ ಎಲ್ಲ ಡಾಕ್ಟರರೂ ಕೇಳಿದರು. ಅಡಿಕೆಯನ್ನೂ ನಾನು ಬಾಯಿಗೆ ಹಾಕಿದವಳಲ್ಲ. ಹಾಗಂದಾಗ ಒಬ್ಬ ಡಾಕ್ಟರು "ಕೆಲವರಿಗೆ ಹಂಗೂ ಬರ್ತದಮ್ಮ" ಅಂತ ಬರೆಯುತ್ತಲೇ ಹೇಳಿದರು.

ಏಳು ವಾರ, ವಾರಕ್ಕೆ ಐದು ದಿನ ಕರೆಂಟ್. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದೆವು. ಅತ್ತೆ ನನ್ನ ಜೊತೆ ಬಂದರು, ಮನೆಯವರು ವ್ಯಾಪಾರ ನೋಡಿಕೊಂಡು ಊರಲ್ಲೇ ಉಳಿದರು. ಶನಿವಾರ ನಮ್ಮ ಕುಷ್ಟಗಿಗೆ ಹೊಸದಾಗಿ ಬಂದ ರೈಲಿನಲ್ಲಿ ಊರಿಗೆ, ಸೋಮವಾರ ಮತ್ತೆ ಹುಬ್ಬಳ್ಳಿಗೆ.

ಮುಖಕ್ಕೆ ಅಳತೆ ತೆಗೆದು ಮಾಡಿದ ಜಾಳಿಗೆಯಂಥದ್ದನ್ನು ಹಾಕಿ, ಅದನ್ನು ಹಲಗೆಗೆ ಬಿಗಿದು ಮಲಗಿಸುತ್ತಿದ್ದರು. ಅಲುಗಾಡುವಂತಿಲ್ಲ. ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಂತ್ರ ಗುಂಯ್ ಅನ್ನುತ್ತಾ ತಲೆಯ ಸುತ್ತ ತಿರುಗುತ್ತಿತ್ತು. ಕಾವಿಲ್ಲ, ಉರಿಯಿಲ್ಲ, ಮುಟ್ಟಿದ್ದೂ ಗೊತ್ತಾಗುವುದಿಲ್ಲ. ಮೊದಲ ವಾರ ನನಗೆ ಏನೇನೂ ಆಗಲಿಲ್ಲ. ಅನ್ನ ಸಾರು ಉಂಡೆ, ಇಡ್ಲಿ ತಿಂದೆ. ಇಷ್ಟೇ ಏನು ಅಂತ ಒಳಗೊಳಗೇ ಜಂಬ ಕೂಡ ಬಂತು.

ಆಪಾ ದಿನಾ ನನ್ನ ಮುಖ ನೋಡಿ ಕೇಳುತ್ತಿದ್ದರು, "ಇನ್ನೂ ಏನೂ ಆಗಿಲ್ಲಲ್ಲ?"

"ಇಲ್ರಿ ಆಪಾ, ಆರಾಮ ಅದೀನಿ."

"ಆಗ್ತೈತಿ. ನಂಗೂ ಹಂಗ ಇತ್ತು. ಮೊದಲ ರುಚಿ ಹೋಗ್ತೈತಿ, ಉಪ್ಪು ಸಕ್ರಿ ಎಲ್ಲಾ ಮಣ್ಣು. ಆಮ್ಯಾಲ ಬಾಯಿ ಒಣಗ್ತೈತಿ. ಆಮ್ಯಾಲ ಸುರು ಅದು."

"ಏನ್ರಿ ಅದು?"

ಆಪಾ ಬಾಟಲಿಗೆ ಉಗುಳಿ, ಬಾಯಿ ಒರೆಸಿಕೊಂಡರು. "ಗಾಜು ಕುಟ್ಟಿ ಬಾಯಾಗ ಹಾಕಿ ನುಂಗು ಅಂದಂಗ. ಉಪವಾಸ ಇದ್ರೂ ಬಿಡಂಗಿಲ್ಲ ತಂಗಿ. ಉಗುಳಂತೂ ನುಂಗಬೇಕಲ್ಲ."

ಹೆದರಿಸುವ ಮನಸ್ಸು ಅವರಿಗಿರಲಿಲ್ಲ. ಮುಂದೆ ಹೋದವರು ದಾರಿಯಲ್ಲಿ ತಗ್ಗು ಇದೆ ಅಂತ ಕೂಗಿ ಹೇಳುವಂತೆ ಹೇಳುತ್ತಿದ್ದರು. ಬೆಚ್ಚಗಿನ ನೀರಿಗೆ ಉಪ್ಪು, ಅಡಿಗೆ ಸೋಡಾ ಹಾಕಿ ಈಗಿನಿಂದಲೇ ಬಾಯಿ ಮುಕ್ಕಳಿಸು ಅಂದರು. ಕುತ್ತಿಗೆಗೆ ಸಾಬೂನು ಹಚ್ಚಬೇಡ, ಹಳೆಯ ಹತ್ತಿ ಸೀರೆಯ ತುಂಡು ಸುತ್ತಿಕೋ ಅಂದರು. ನರ್ಸುಗಳೂ ಅದನ್ನೇ ಹೇಳಿದ್ದರು, ಆದರೆ ಸುಟ್ಟ ಕುತ್ತಿಗೆಯವರು ಹೇಳಿದಾಗ ಕಿವಿಗೆ ಬಿತ್ತು.

ಮೂರನೇ ವಾರ ಅತ್ತೆ ಮಾಡಿದ ಸಾರು ಬಾಯಿಗಿಟ್ಟಾಗ ಕೆಸರು ನೀರಿನಂತೆ ಅನ್ನಿಸಿತು. "ಉಪ್ಪು ಹಾಕಿಲ್ಲೇನ್ರಿ ಅತ್ತಿ?" ಅಂದೆ. ಅತ್ತೆ ಚಮಚದಲ್ಲಿ ತಗೊಂಡು ಕುಡಿದು ನನ್ನನ್ನೇ ನೋಡಿದರು. ಉಪ್ಪು ಸರಿಯಾಗಿತ್ತು.

ಅಲ್ಲಿಂದ ಆಪಾ ಹೇಳಿದ ಒಂದೊಂದೂ ಹೇಳಿದ ಕ್ರಮದಲ್ಲೇ ಬಂತು. ಅವರ ನಾಲಗೆಯ ಮೇಲೆ ಕಂಡಿದ್ದ ಬಿಳಿ ಪದರು ಎರಡು ವಾರಕ್ಕೆ ನನ್ನ ನಾಲಗೆಯ ಮೇಲೆ ಕೂತಿತು, ಅದಕ್ಕೆ ಬೇರೆ ಹನಿ ಔಷಧಿ ಕೊಟ್ಟರು. ಅವರ ದನಿ ಕೆಟ್ಟ ಹಾಗೇ ನನ್ನದೂ ಕೆಟ್ಟಿತು. ದಿನಾ ಬೆಳಗ್ಗೆ ಬೆಂಚಿಗೆ ಹೋಗಿ ಕೂತ ಕೂಡಲೇ ನಾನು ಆಪಾರ ಮೈಯನ್ನೆಲ್ಲ ಹುಡುಕಿ ನೋಡುತ್ತಿದ್ದೆ. ಇವತ್ತು ಹೊಸದೇನಿದೆ? ಎಷ್ಟು ಸೊರಗಿದ್ದಾರೆ? ಅವರಲ್ಲಿ ಕಂಡದ್ದು ನನ್ನ ಕಡೆಗೇ ನಡೆದು ಬರುತ್ತಿತ್ತು.

ನುಂಗುವ ನೋವು ಶುರುವಾದ ಮೇಲೆ ದಿನವೆಲ್ಲ ಅದರ ಸುತ್ತಲೇ ತಿರುಗಿತು. ಊಟಕ್ಕೆ ಅರ್ಧ ತಾಸು ಮೊದಲು ನೋವಿನ ಔಷಧಿ. ಆಮೇಲೆ ಬಾಯಿ ಮರಗಟ್ಟಿಸುವ ಜೆಲ್ಲನ್ನು ಗಂಟಲವರೆಗೆ ಓಡಾಡಿಸಬೇಕು. ಅದು ಹಿಡಿದಿರುವಷ್ಟರಲ್ಲಿ ಎಷ್ಟು ಒಳಗೆ ಹೋದರೆ ಅಷ್ಟು. ಬಿಸಿ ಆಗದು, ಹುಳಿ ಆಗದು, ಖಾರದ ಮಾತಂತೂ ಬೇಡ. ಪಕ್ಕದ ಕೋಣೆಯವರು ಮೆಣಸಿನಕಾಯಿ ಹುರಿದರೆ ನಾನು ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಿದ್ದೆ. ಅತ್ತೆ ರಾಗಿ ಅಂಬಲಿ ಕಾಸಿ, ಸೋಸಿ, ಪೂರ್ತಿ ಆರಿಸಿ ತರುತ್ತಿದ್ದರು. ಬಾಳೆಹಣ್ಣನ್ನು ಹಾಲಿನಲ್ಲಿ ಕಿವುಚಿ ಅರಿವೆಯಲ್ಲಿ ಹಿಂಡುತ್ತಿದ್ದರು. ನಾನು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಗೋಡೆಗೆ ಕೈ ಊರಿದರೆ, ಎದುರಿಗೆ ಕೂತ ಅವರೂ ಏನೂ ಇಲ್ಲದ ಬಾಯಲ್ಲಿ ನುಂಗುತ್ತಿದ್ದರು.

"ಹೋತ?"

ನಾನು ತಲೆ ಆಡಿಸಿದರೆ, "ಇನ್ನೊಂದು, ನಮ್ಮವ್ವಲ್ಲ," ಅನ್ನುತ್ತಿದ್ದರು. ಅರ್ಧ ಲೋಟ ಅಂಬಲಿಗೆ ಒಂದು ತಾಸು ಹಿಡಿಯುತ್ತಿತ್ತು.

ನುಂಗುವುದನ್ನು ಕಲಿಸಲಿಕ್ಕೆಂದೇ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಇದ್ದಳು. ಗದ್ದವನ್ನು ಎದೆಗೆ ಒತ್ತಿ ನುಂಗುವುದು, ನಾಲಗೆಯನ್ನು ಹಲ್ಲಿನ ನಡುವೆ ಹಿಡಿದು ನುಂಗುವುದು, ಹೀಗೆ ಕೆಲವು ವ್ಯಾಯಾಮ ಹೇಳಿಕೊಟ್ಟಳು. "ನೋವು ಅಂತ ನುಂಗೋದನ್ನ ಪೂರ್ತಿ ಬಿಡಬೇಡಿ. ಗಂಟಲು ಬಿಗೀತದೆ. ಆಮೇಲೆ ನೋವು ಹೋದರೂ ನುಂಗೋದು ವಾಪಸ್ ಬರೋದು ಕಷ್ಟ," ಅಂದಳು. ಆಪಾ, ನಾನು ಇಬ್ಬರೂ ಅಕ್ಕಪಕ್ಕ ಕೂತು ಕೇಳಿದೆವು. ಹೊರಗೆ ಬಂದ ಮೇಲೆ ಆಪಾ, "ಆಕಿ ಗಂಟಲ ಸುಟ್ಟಿಲ್ಲ," ಅಂದರು.

ಆಪಾರ ಕರೆಂಟ್ ಮುಗಿಯಲು ಒಂದು ವಾರದ ಮೇಲೆ ಸ್ವಲ್ಪ ಉಳಿದಿತ್ತು. ನೀರು ಕೂಡ ಇಳಿಯುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕೋಣ, ಅದರಲ್ಲೇ ಹಾಲು, ಗಂಜಿ, ಔಷಧಿ ಕೊಡಬಹುದು ಅಂತ ಡಾಕ್ಟರು ಹೇಳಿದರು. ಆಪಾ ಒಪ್ಪಲಿಲ್ಲ.

"ನಮ್ಮ ಅಮ್ಮೀಗೆ ಹಾಕಿದ್ರು. ಹಾಕಿದ ನಾಕು ದಿನಕ್ಕ ಹೋದ್ಲು," ಅಂತ ನನಗೆ ಹೇಳಿದರು. "ಮೂಗಿಗೆ ನಳಗಿ ಬಂತಂದ್ರ ಮುಗೀತು ತಂಗಿ. ಹಿರೇ ಮಗಳ ಮದುವಿ ಐತಿ ಮನ್ಯಾಗ. ಆಕಿ ನನ್ನ ಹಂಗ ನೋಡಬಾರದು."

ಮುಂದಿನ ಸೋಮವಾರ ಬೆಂಚಿನ ತುದಿ ಖಾಲಿಯಿತ್ತು. ಒಳಗಿನಿಂದ ಅವರ ಹೆಸರು ಕೂಗಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದರು. ಆಮೇಲೆ ನನ್ನ ಹೆಸರು ಕೂಗಿದರು.

ಫೋನ್ ಮಾಡಿದರೆ ಮಗಳು ಎತ್ತಿದಳು. "ಅಮ್ಮಿ ಮನ್ಯಾಗ ಅದಾಳ್ರಿ. ಗಂಟಲ ಸ್ವಲ್ಪ ಆರಲಿ, ಆಮ್ಯಾಲ ಬರ್ತೀನಿ ಅಂತಾಳ." ಆಸ್ಪತ್ರೆಯವರೂ ಫೋನ್ ಮಾಡಿದ್ದರಂತೆ. ನಾನು ಡಾಕ್ಟರನ್ನು ಕೇಳಿದೆ. ನಡುವೆ ಬಿಟ್ಟರೆ ಉಳಿದ ರೋಗದ ಕಣಗಳಿಗೆ ಮತ್ತೆ ಬೆಳೆಯಲು ಪುರುಸೊತ್ತು ಕೊಟ್ಟ ಹಾಗೆ, ಅಂದರು. ನಾನು ಅದನ್ನೇ ಆಪಾಗೆ ಹೇಳಿದೆ. "ಬರ್ತೇನಿ, ಬರ್ತೇನಿ," ಅಂದರು.

ಅವರು ಬರಲಿಲ್ಲ. ಹತ್ತು ಹನ್ನೆರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ದನಿ ಕೇಳಿ ಬೇರೆ ಯಾರೋ ಅಂದುಕೊಂಡೆ, ಅಷ್ಟು ತಿಳಿಯಾಗಿತ್ತು.

"ತಂಗಿ, ಇವತ್ತ ಒಂದ್ ಕಪ್ ಚಾ ಕುಡದ್ನಿ. ಪೂರಾ ಕಪ್! ಅಲ್ಲಾನ ಕೃಪಾ. ನೀನೂ ನಾಕು ದಿನ ಬಿಟ್ಟು ನೋಡು. ಗಂಟಲಿಗೆ ಜೀವ ಬರ್ತೈತಿ."

ಆಗ ನಾನು ಸರಿಯಾಗಿ ಅವರು ಬಿಟ್ಟುಹೋದ ಜಾಗಕ್ಕೆ ಬಂದು ಮುಟ್ಟಿದ್ದೆ. ನನ್ನ ಕೈಯಲ್ಲೂ ಬಾಟಲಿ ಇತ್ತು. ಮಾತಾಡಲು ಆಗದೆ ಊಂ ಅಂದೆ. ಫೋನ್ ಇಟ್ಟ ಮೇಲೂ ಆ ತಿಳಿಯಾದ ದನಿ ನನ್ನ ಕಿವಿಯಿಂದ ಹೋಗಲಿಲ್ಲ. ಒಂದು ಕಪ್ ಚಹಾ. ನನಗೆ ಬೇರೆ ಏನೂ ಬೇಡವಾಗಿತ್ತು.

ಆ ಶನಿವಾರ ಊರಿಗೆ ಬಂದವಳು ಸೋಮವಾರ ಹೋಗುವುದಿಲ್ಲ ಅಂತ ನಿಶ್ಚಯ ಮಾಡಿಬಿಟ್ಟೆ. ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ನಾನು ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಕೈಸನ್ನೆ ಮಾಡಿ ಅತ್ತೆಗೆ ತಿಳಿಸಿದೆ, ಸಾಕು, ಇನ್ನು ಹೋಗಲ್ಲ. ಅತ್ತೆ ಬೈಯಲಿಲ್ಲ. ಅವರಿಗೂ ಸಾಕಾಗಿತ್ತು. ಮೂರನೇ ವಾರದಿಂದಲೂ "ಇದು ಔಷಧ ಅಲ್ಲ, ವಿಷ" ಅನ್ನುತ್ತಿದ್ದವರು ಅವರೇ.

"ಆತು. ಮೊದಲ ಒಂದಿಷ್ಟು ನೀರು ಕುಡಿ," ಅಂದರು.

ಚಮಚದ ನೀರು ಗಂಟಲಿಗೆ ಹೋದದ್ದು ಅಡ್ಡ ಹಾದಿ ಹಿಡಿಯಿತು. ಕೆಮ್ಮು ಬಂತು. ಕೆಮ್ಮಿದಾಗ ಗಂಟಲೊಳಗೆ ಏನೋ ಹರಿದಂತಾಗಿ ಉಸಿರು ಸಿಗಲಿಲ್ಲ. ಹೊರಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಕೆಮ್ಮು ತಗ್ಗಿದಾಗ ನನ್ನ ಸೆರಗಿನ ಮೇಲೆ ರಕ್ತದ ಎಳೆ ಇತ್ತು. ಅತ್ತೆ ಹಣೆ ಮುಟ್ಟಿ ನೋಡಿದರು. ಮೈ ಸುಡುತ್ತಿತ್ತು.

ಅತ್ತೆ ಹೊರಗೆ ಹೋಗಿ ಮಗನನ್ನು ಕೂಗಿದರು. "ಗಾಡಿ ತರಸು. ಈಗಿಂದೀಗ ಹುಬ್ಬಳ್ಳಿಗೆ."

ಮನೆಯವರು, "ಆಕಿ ಒಲ್ಲೆ ಅಂದ್ಲಂತಲ್ಲ?" ಅಂದರು.

"ನಾನೂ ಒಲ್ಲೆ ಅಂತಿದ್ನಿ. ಆದ್ರ ನೀರು ಎದಿಗೆ ಹೊಂಟೈತಿ. ಮನ್ಯಾಗ ಇಟ್ಕೊಂಡು ನಾ ಏನ್ ಮಾಡ್ಲಿ ಹೇಳು? ಬಡದ ರೊಟ್ಟಿ ತಿನಸ್ಲೇನು?"

ನಾನು ಬೇಡ ಅಂತ ಅವರ ಕೈ ಹಿಡಿದೆ. ಅವರು ಬಿಡಿಸಿಕೊಂಡರು.

ಅವತ್ತೇ ಸಂಜೆ ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದರು. ನೀರು ಶ್ವಾಸಕೋಶಕ್ಕೆ ಇಳಿದು ಸೋಂಕಾಗಿತ್ತು. ಮೂಗಿನಲ್ಲಿ ನಳಿಗೆ ಇಳಿಸುವಾಗ ನರ್ಸ್ "ನುಂಗ್ರಿ, ನುಂಗ್ರಿ" ಅನ್ನುತ್ತಿದ್ದಳು. ಹಸಿ ಗಾಯದ ಮೇಲೆ ಕಡ್ಡಿ ಎಳೆದ ಹಾಗೆ ಅದು ಇಳಿಯಿತು. ನಾನು ಅತ್ತೆಯ ಬಳೆ ಹಿಡಿದಿದ್ದೆ, ಎರಡು ಬಳೆ ಒಡೆದವು. ನಳಿಗೆಯನ್ನು ಮೂಗಿಗೆ ಪಟ್ಟಿ ಹಚ್ಚಿ ಅಂಟಿಸಿದಾಗ ಆಪಾರ ಮಾತು ನೆನಪಾಯಿತು. ಮೂಗಿಗೆ ನಳಗಿ ಬಂತಂದ್ರ ಮುಗೀತು. ಆಮೇಲೆ ಸಿರಿಂಜಿನಿಂದ ಹಾಲು ಬಿಟ್ಟರು. ಗಂಟಲಿಗೆ ಗೊತ್ತಿಲ್ಲದೆ ಹೊಟ್ಟೆ ತಣ್ಣಗಾಯಿತು. ನಾನು ಅತ್ತುಬಿಟ್ಟೆ. ಅತ್ತರೆ ಮೂಗು ನೋಯುತ್ತಿತ್ತು.

ಎರಡೇ ದಿನ ತಪ್ಪಿತು. ಅದನ್ನು ಕೊನೆಗೆ ಸೇರಿಸಿ ನನ್ನ ಕರೆಂಟ್ ಮುಗಿಸಿದರು.

ಮುಗಿದ ಮೇಲೆ ನಮ್ಮ ಬೀಗರು ತಳಕಲ್‌ನಿಂದ ಪೇಡೆ ತಂದರು. ಅವರಿಗೇನು ಗೊತ್ತು. ಕರೆಂಟ್ ನಿಂತರೂ ಬೆಂಕಿ ನಿಲ್ಲುವುದಿಲ್ಲ, ಇನ್ನೂ ಎರಡು ವಾರ ಏರುತ್ತದೆ ಅಂತ ಡಾಕ್ಟರು ಹೇಳಿಯೇ ಕಳಿಸಿದ್ದರು. ಹಾಗೇ ಆಯಿತು. ಕುತ್ತಿಗೆಯ ಚರ್ಮ ಸುಲಿದು ಬಟ್ಟೆಗೆ ಅಂಟಿತು. ಗಂಟಲಲ್ಲಿ ಅಂಟಿನಂಥ ಕಫ ಕಟ್ಟಿ, ಉಗುಳಲೂ ಬಾರದೆ ನುಂಗಲೂ ಬಾರದೆ ಒದ್ದಾಡಿದೆ. ಮುಂದೆ ಏನು ಬರುತ್ತದೆ ಅಂತ ನೋಡಲು ನನ್ನ ಮುಂದೆ ಈಗ ಯಾರೂ ಇರಲಿಲ್ಲ. ಅತ್ತೆ ನಳಿಗೆಯಲ್ಲಿ ಗಂಜಿ ಬಿಡುವುದನ್ನು ಕಲಿತಿದ್ದರು. ನನ್ನನ್ನು ನೆಟ್ಟಗೆ ಕೂಡಿಸಿ, ನಿಧಾನಕ್ಕೆ ಬಿಟ್ಟು, ಕೊನೆಗೆ ನೀರು ಹಾಯಿಸಿ ತೊಳೆದು, ಅರ್ಧ ತಾಸು ಮಲಗಲು ಬಿಡುತ್ತಿರಲಿಲ್ಲ. ದಿನಕ್ಕೆ ಕೆಲವು ಸಲ ಗದ್ದ ಎದೆಗೊತ್ತಿ ಚಮಚ ನೀರು ನುಂಗಲೇಬೇಕಿತ್ತು. ಆ ಹುಡುಗಿ ಹೇಳಿದ್ದನ್ನು ಅತ್ತೆ ಮರೆತಿರಲಿಲ್ಲ.

ಒಂದು ದಿನ ಬಟ್ಟೆ ಮಡಚುತ್ತಿದ್ದಾಗ, ಆಗಷ್ಟೇ ಉಗುಳು ನುಂಗಿದೆ ಅನ್ನುವುದು ಗೊತ್ತಾಯಿತು. ನುಂಗಿದ್ದು ಗೊತ್ತೇ ಆಗಿರಲಿಲ್ಲ. ಮತ್ತೊಮ್ಮೆ ಬೇಕಂತಲೇ ನುಂಗಿದೆ. ನೋವಿತ್ತು, ಆದರೆ ತಡೆದುಕೊಳ್ಳುವಂಥದ್ದು. ಮುಂದಿನ ತಿಂಗಳು ನಳಿಗೆ ತೆಗೆದರು.

ಅಷ್ಟರಲ್ಲಿ ಆಪಾರ ಮಗಳ ಮದುವೆ ಆಗಿಹೋಗಿತ್ತು. ಫೋನಿನಲ್ಲಿ ಬಿರಿಯಾನಿಯ ಅನ್ನವನ್ನು ಮೊಸರಿನಲ್ಲಿ ಕಲಸಿ ತಿಂದೆ ಅಂತ ನಗುತ್ತಾ ಹೇಳಿದ್ದರು. ಉಳಿದ ಕರೆಂಟಿನ ಮಾತು ತೆಗೆದರೆ, "ಆರಾಮ ಅದೀನಲ್ಲ," ಅನ್ನುತ್ತಿದ್ದರು. ನಾನು ಅರ್ಧ ಲೋಟ ಅಂಬಲಿಗೆ ಹೆಣಗುವಾಗ ಅವರು ಉಣ್ಣುತ್ತಿದ್ದರು. ನನಗೆ ಹೊಟ್ಟೆಕಿಚ್ಚಾದದ್ದು ನಿಜ. ತಪ್ಪಿದ್ದು ನಾನೇ ಏನೋ ಅಂತಲೂ ಅನ್ನಿಸಿತ್ತು.

ಮಳೆಗಾಲದ ಶುರುವಿಗೆ ಒಂದು ಫೋನ್ ಬಂತು. ಅದೂ ಇದೂ ಮಾತಾಡಿ ಕೊನೆಗೆ ಆಪಾ, "ಎಡಗಿವಿ ಒಂದ್ ಸಲ್ಪ ನೋಯಾಕತ್ತೈತಿ. ಥಂಡಿಗೆ ಇರಬೇಕು," ಅಂದರು.

"ಆಪಾ, ನಾಳೇನ ಹೋಗ್ರಿ. ನಾನೂ ಬರ್ತೀನಿ," ಅಂದೆ.

"ನೋಡೂಣು ತಂಗಿ."

ಅವರು ಹೋಗುವುದಿಲ್ಲ ಅಂತ ಗೊತ್ತಿತ್ತು. ಮನೆಯವರನ್ನು ಕರೆದುಕೊಂಡು ಗಂಗಾವತಿಯ ಮೇಲೆ ಕಾರಟಗಿಗೆ ಹೋದೆ. ಗಿರಣಿಗಳ ಹಿಂದಿನ ಓಣಿ. ಗಾಳಿಯಲ್ಲಿ ಹೊಟ್ಟು ಸುಟ್ಟ ಕಪ್ಪು ಬೂದಿ ಹಾರಾಡುತ್ತಿತ್ತು, ಒಣಗಲು ಹಾಕಿದ ಬಟ್ಟೆಯ ಮೇಲೂ ಅದೇ. ಆಪಾ ಬಾಗಿಲಿಗೇ ಬಂದು ನನ್ನನ್ನು ತಬ್ಬಿಕೊಂಡರು. ನನಗೆಂದು ಶಾವಿಗೆಯನ್ನು ಮೆತ್ತಗೆ ಬೇಯಿಸಿ, ಹಾಲು ಹೆಚ್ಚು ಹಾಕಿ, ಆರಿಸಿ ಇಟ್ಟಿದ್ದರು. ನಾನು ನಿಧಾನಕ್ಕೆ ತಿಂದೆ. ಅವರೂ ಒಂದು ಚಮಚ ಬಾಯಿಗಿಟ್ಟರು. ನುಂಗುವಾಗ ಅವರ ಎಡಗಣ್ಣು ಕಿರಿದಾಯಿತು. ಅದನ್ನು ನಾನು ಬೆಂಚಿನ ಮೇಲೆ ಎಷ್ಟೋ ಸಲ ನೋಡಿದ್ದೆ.

ಗಂಡಸರು ಹೊರಗೆ ಹೋದ ಮೇಲೆ ಅವರು ನನ್ನ ಕೈ ಹಿಡಿದು ದುಪ್ಪಟ್ಟಾದ ಒಳಗೆ, ಕುತ್ತಿಗೆಯ ಮೇಲೆ ಇಟ್ಟುಕೊಂಡರು. ಗೋಲಿಯಂಥ ಗಂಟು. ಒತ್ತಿದರೆ ಸರಿಯಲಿಲ್ಲ.

"ನಿನಗೂ ಐತೇನ?" ಅಂದರು.

"ಇಲ್ರಿ ಆಪಾ."

"ಛಲೋ ಆತು," ಅಂದರು. ಬಾಯಿಮಾತಿಗೆ ಅಂದದ್ದಲ್ಲ. ಅಂದ ಮೇಲೆ ನನ್ನ ಕೈ ಬಿಡದೆ ಬಹಳ ಹೊತ್ತು ಕೂತರು.

ಮರುದಿನವೇ ಹುಬ್ಬಳ್ಳಿಗೆ ಕರೆದೊಯ್ದೆವು. ಅದೇ ಜಾಗಕ್ಕೆ ಮತ್ತೆ ಅಷ್ಟು ಕರೆಂಟ್ ಕೊಡಲು ಬರುವುದಿಲ್ಲ, ಆಪರೇಶನ್‌ಗೂ ಹೊತ್ತು ಮೀರಿದೆ ಅಂದರು. ಅವತ್ತೇ ಮುಗಿಸಿದ್ದರೆ ಬರುತ್ತಿರಲಿಲ್ಲವೇ ಅಂತ ಅವರ ಕಿರಿಯ ಮಗಳು ಕೇಳಿದಳು. "ಖಾತ್ರಿ ಹೇಳಕ್ಕೆ ಆಗಲ್ಲಮ್ಮ. ಮುಗಿಸಿದವರಿಗೂ ಬರ್ತದೆ," ಅಂದರು ಡಾಕ್ಟರು. ಅದನ್ನು ನಾನೂ ಕೇಳಿಸಿಕೊಂಡೆ.

ಈ ಸಲ ನಳಿಗೆಯ ಮಾತು ಬಂದಾಗ ಆಪಾ ಬೇಡ ಅನ್ನಲಿಲ್ಲ. ನೋವಿಗೆ ಮಾರ್ಫಿನ್ ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ಅದನ್ನು ಪುಡಿ ಮಾಡಿ ನಳಿಗೆಯಲ್ಲಿ ಬಿಡುವುದನ್ನು, ನೆಟ್ಟಗೆ ಕೂಡಿಸುವುದನ್ನು ನಾನು ಹೋಗಿ ಮಗಳಿಗೆ ಕಲಿಸಿದೆ. ಆಮೇಲೆ ಕೈಲಾದಾಗೆಲ್ಲ ಹೋಗಿಬರುತ್ತಿದ್ದೆ. ಮಾತು ಪೂರ್ತಿ ನಿಂತ ಮೇಲೂ ಅವರು ನನ್ನ ಗಂಟಲನ್ನು ಬೆರಳಿನಿಂದ ತೋರಿಸಿ ಹುಬ್ಬು ಏರಿಸುತ್ತಿದ್ದರು, ಹೇಗಿದೆ ಅಂತ. ಆರಾಮ ಐತ್ರಿ, ಅನ್ನುತ್ತಿದ್ದೆ. ಭತ್ತ ಕೊಯ್ಯುವ ಹೊತ್ತಿಗೆ ಆಪಾ ಹೋದರು. ಕೊನೆಯ ದಿನಗಳಲ್ಲಿ ನೋವು ಹೆಚ್ಚಿರಲಿಲ್ಲ ಅಂತ ಮಗಳು ಹೇಳಿದಳು. ಅದನ್ನು ನಂಬಿದ್ದೇನೆ.

ನಾನು ಈಗ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತೇನೆ. ಪ್ರತಿ ತುತ್ತಿಗೂ ನೀರು ಬೇಕು. ಖಾರ ತಿಂದು ವರ್ಷದ ಮೇಲಾಯಿತು. ಒಲೆಯ ಮುಂದೆ ಬಹಳ ಹೊತ್ತು ಕೂಡಲಾಗದು, ಹಿಟ್ಟು ನಾದಿ ಕೊಡುತ್ತೇನೆ. ಮೂರು ತಿಂಗಳಿಗೊಮ್ಮೆ ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಹೋಗುವ ವಾರ ಬಂದರೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ನಾನು ಜಳಕ ಮಾಡುವಾಗ ಕುತ್ತಿಗೆಯ ಎರಡೂ ಬದಿ ಒತ್ತಿ ಒತ್ತಿ ನೋಡಿಕೊಳ್ಳುತ್ತೇನೆ, ಆಮೇಲೆ ಒತ್ತಿದ್ದಕ್ಕೇ ನೋಯುತ್ತದೆ, ಆ ನೋವಿಗೆ ಹೆದರುತ್ತೇನೆ.

ಕಳೆದ ಸಲ ಡಾಕ್ಟರು ಬಹಳ ಹೊತ್ತು ನೋಡಿದರು. ಎಡಗಡೆ ಒಂದು ಕೆಂಪು ಮಚ್ಚೆ ಇತ್ತಂತೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ನಿಲ್ಲಲಿಲ್ಲ, ಆದರೆ ಆ ದಿನಗಳಲ್ಲಿ ಏನು ಮಾತಾಡಿದೆವು ಅಂತ ಕೇಳಿದರೆ ನನಗೆ ಒಂದೂ ನೆನಪಿಲ್ಲ. ಮತ್ತೆ ಹೋದಾಗ ಡಾಕ್ಟರು ಕಾಗದ ನೋಡಿ, "ಸುಟ್ಟ ಕಲೆ ಅಷ್ಟೆ. ಸದ್ಯಕ್ಕೆ ಏನೂ ಇಲ್ಲ," ಅಂದರು.

ಹೊರಗೆ ಮನೆಯವರು ಔಷಧಿ ಚೀಟಿ ಹಿಡಿದು ನಿಂತಿದ್ದರು. "ಏನಂದ್ರು?" ಅಂತ ಕೇಳಿದರು.

"ಏನೂ ಇಲ್ಲಂತ," ಅಂದೆ. ಸದ್ಯಕ್ಕೆ ಅನ್ನುವ ಮಾತನ್ನು ಹೇಳಲಿಲ್ಲ. ಅವರು ಅತ್ತೆಗೆ ಫೋನ್ ಹಚ್ಚಿದರು. ರೈಲಿಗೆ ಹೊತ್ತಾಗುತ್ತಿತ್ತು.